ಓದುಗರ ಪ್ರಶ್ನೆ: ಆನ್‌ಲೈನ್‌ಗೂ ಬೇಕು ಒಂದು ಅಳತೆ ಬ್ಲೌಸ್

ಪ್ರಶ್ನೆ: ನಮ್ಮದು ಕಾಟನ್ ಕುರ್ತಿ ಮಾರುವ ಸಣ್ಣ ವೆಬ್‌ಸೈಟ್. ‘ನಿಮ್ಮ ಸೈಜ್ ಯಾವುದು?’ ಎಂಬ ಬಟನ್ ಒತ್ತಿದರೆ ಎತ್ತರ, ಎದೆ, ಸೊಂಟ, ಹಿಪ್ ಅಳತೆ ಕೇಳುತ್ತದೆ. ಅರ್ಧಕ್ಕೇ ಬಿಟ್ಟು ಹೋಗುವವರೇ ಹೆಚ್ಚು. ಪೂರ್ತಿ ತುಂಬಿದವರೂ ಸೈಜ್ ಸರಿಯಿಲ್ಲ ಅಂತ ವಾಪಸ್ ಕಳಿಸುತ್ತಾರೆ. ಏನು ಬದಲಾಯಿಸಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕೂತವರ ಕೈಯಲ್ಲಿ ಟೇಪು ಇರುವುದಿಲ್ಲ. ಇದ್ದರೂ ತಮ್ಮ ಎದೆಯ ಅಳತೆ ತಾವೇ ತೆಗೆಯುವಾಗ ಬೆನ್ನ ಹಿಂದೆ ಟೇಪು ಜಾರುತ್ತದೆ, ಒಂದೂವರೆ ಇಂಚು ಹೆಚ್ಚುಕಮ್ಮಿ ಆಗುವುದು ಸುಲಭ. ಟೈಲರ್ ಹತ್ತಿರ ಹೋಗುವಾಗ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಅಳತೆ ಬ್ಲೌಸ್ ಕೊಟ್ಟು ಬರುತ್ತಾರೆ. ಸೈಜ್ ಹೇಳುವ ನಿಮ್ಮ ಟೂಲ್ ಕೂಡ ಅದನ್ನೇ ಕೇಳಲಿ: ‘ನಿಮಗೆ ಚೆನ್ನಾಗಿ ಕೂರುವ ಒಂದು ಕುರ್ತಿ ತನ್ನಿ.’

ಅದನ್ನು ಮಂಚದ ಮೇಲೆ ಹರಡಿ, ಸುಕ್ಕು ಸವರಿ, ಆದರೆ ಎಳೆಯದೆ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಅಳೆಯಬೇಕು. 19½ ಇಂಚು ಬಂದರೆ ಎರಡರಷ್ಟು, ಅಂದರೆ 39. ದುಪ್ಪಟ್ಟು ಮಾಡುವ ಕೆಲಸ ಟೂಲ್‌ಗೇ ಬಿಡಿ, ಗ್ರಾಹಕರಿಗೆ ಬೇಡ. ಕಂಕುಳಿನಿಂದ ಒಂದಿಂಚು ಕೆಳಗೆ ತೋಳಿನ ಅಗಲವನ್ನೂ ಕೇಳಿ. ಹಿಗ್ಗದ ಕಾಟನ್ನಿನಲ್ಲಿ ಎದೆ ಸರಿಯಿದ್ದೂ ತೋಳು ಬಿಗಿಯಾಗಿ ವಾಪಸ್ ಬರುವ ಕುರ್ತಿಗಳಿಗೆ ಲೆಕ್ಕವಿಲ್ಲ, ಆದರೂ ಬಹಳ ಕಡೆ ತೋಳಿನ ಅಳತೆ ಕೇಳುವುದೇ ಇಲ್ಲ. ಟೇಪು ಇಲ್ಲದವರಿಗೆ ಮಕ್ಕಳ 30 ಸೆಂ.ಮೀ. ಸ್ಕೇಲು ಸಾಕು, ಸ್ಕೇಲಿನ ತುದಿಯಿಂದಲ್ಲ, ಸೊನ್ನೆಯ ಗೆರೆಯಿಂದ ಅಳೆಯಿರಿ ಅಂತ ಚಿತ್ರದಲ್ಲಿ ತೋರಿಸಿ. ಲೈಕ್ರಾ ಬೆರೆಸಿದ ಟಾಪ್ ಅಳೆದು ಕಾಟನ್ ಕುರ್ತಿ ಕೊಂಡರೆ ಕೆಡುತ್ತದೆ, ಹಾಗಾಗಿ ‘ಈ ಬಟ್ಟೆ ಎಳೆದರೆ ಹಿಗ್ಗುತ್ತದೆಯೇ?’ ಎಂಬ ಒಂದು ಪ್ರಶ್ನೆ ಇರಲಿ.

ಈಗಿರುವ ಖಾನೆಗಳಲ್ಲೂ ಎರಡು ಕಡೆ ರಿಪೇರಿ ಆಗಬೇಕು. ಎತ್ತರಕ್ಕೆ ಒಂದೇ ಖಾನೆ ಇಟ್ಟರೆ 5 ಅಡಿ 10 ಇಂಚಿನವರು ‘5.10’ ಅಂತ ಹಾಕುತ್ತಾರೆ. ಕಂಪ್ಯೂಟರಿಗೆ ಅದು 5.1 ಅಡಿ. 178 ಸೆಂ.ಮೀ. ಇದ್ದವರು ನಿಂತಲ್ಲೇ 155ಕ್ಕೆ ಇಳಿದುಬಿಡುತ್ತಾರೆ! ಅಡಿಗೊಂದು, ಇಂಚಿಗೊಂದು ಖಾನೆ ಮಾಡಿ. ಇನ್ನೊಂದು, ಸೆಂ.ಮೀ. ಖಾನೆಯಲ್ಲಿ 36 ಅಂತ ಬರೆದವರಿಗೆ ಕೆಂಪಕ್ಷರದಲ್ಲಿ ‘ತಪ್ಪು’ ಎಂದು ಗದರಬೇಡಿ. ದೊಡ್ಡವರ ಎದೆ ಸುತ್ತಳತೆ ಇಂಚಿನಲ್ಲಿ 28ರಿಂದ 56 ಅಂತ ಇಟ್ಟುಕೊಂಡರೆ ಸೆಂ.ಮೀ.ನಲ್ಲಿ ಅದು 71ರಿಂದ 142. ಎರಡೂ ಎಲ್ಲೂ ಬೆರೆಯುವುದಿಲ್ಲ. ‘36 ಇಂಚು ಅಂತ ತಿಳಿದುಕೊಳ್ಳಲೇ?’ ಎಂದು ಕೇಳಿ ಮುಂದೆ ಹೋಗಬಹುದು.

ಇನ್ನು ವಾಪಸ್ ಬರುವ ವಿಚಾರ. ನಿಮ್ಮ ಚಾರ್ಟಿನಲ್ಲಿ ‘ಎಲ್ – 40’ ಅಂತಿದ್ದರೆ ಅದು ಮೈಯ ಅಳತೆಯೋ, ಬಟ್ಟೆಯದೋ? ಮೈ 40 ಇದ್ದವರು ಬಟ್ಟೆ 40 ಇರುವ ಕುರ್ತಿ ತೊಟ್ಟರೆ ಕೈ ಎತ್ತಲಾಗದು. ನೇರ ಕಟ್ಟಿನ ಕಾಟನ್ ಕುರ್ತಿಗೆ ಮೈಗಿಂತ 2ರಿಂದ 4 ಇಂಚು ಸಡಿಲ ಬೇಕು. ಎರಡೂ ಅಂಕಿಗಳನ್ನು ಬೇರೆಬೇರೆ ಸಾಲಿನಲ್ಲಿ ಕೊಡಿ. ಫಲಿತಾಂಶದಲ್ಲೂ ‘ಎಲ್, ಶೇ. 92 ಹೊಂದಾಣಿಕೆ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಎಲ್: ಎದೆಯಲ್ಲಿ 3 ಇಂಚು ಸಡಿಲ, ತೋಳಿನಲ್ಲಿ ಅರ್ಧ ಇಂಚು ಮಾತ್ರ. ತೋಳು ಬಿಗಿ ಬೇಡವೆಂದರೆ ಎಕ್ಸ್‌ಎಲ್’ ಅನ್ನಿ. ಅಂಗಡಿಯವರು ಹೇಳುವುದೂ ಹೀಗೇ ತಾನೆ?

ವಾಪಸ್ ಕಾರಣದಲ್ಲಿ ‘ಸೈಜ್ ಸಮಸ್ಯೆ’ ಎಂಬ ಒಂದೇ ಆಯ್ಕೆ ಇದ್ದರೆ ಅದರಿಂದ ಕಲಿಯುವುದು ಏನೂ ಇಲ್ಲ. ಎದೆ, ತೋಳು, ಹಿಪ್, ಉದ್ದ: ಎಲ್ಲಿ, ಬಿಗಿಯೋ ಸಡಿಲವೋ ಎಂದು ಕೇಳಿ. ವಾಪಸ್ ಬಾರದ್ದೆಲ್ಲ ಸರಿಯಾಗಿ ಕೂತಿದೆ ಅಂತಲೂ ಎಣಿಸಬೇಡಿ. ನಮ್ಮಲ್ಲಿ ದೊಗಳೆಯಾದ ಕುರ್ತಿಯನ್ನು ಬೀದಿ ಕೊನೆಯ ಟೈಲರ್ ಹತ್ತಿರ ಪಕ್ಕದಲ್ಲಿ ಹಿಡಿಸಿಕೊಂಡು ಉಟ್ಟುಬಿಡುತ್ತಾರೆ. ಬಿಗಿಯಾದದ್ದು ಮಾತ್ರ ವಾಪಸ್ ಬರುತ್ತದೆ. ವಾಪಸ್ ಲೆಕ್ಕವನ್ನಷ್ಟೇ ನಂಬಿದ ಟೂಲ್ ಬರಬರುತ್ತ ಎಲ್ಲರಿಗೂ ಒಂದು ಸೈಜ್ ದೊಡ್ಡದನ್ನೇ ಹೇಳತೊಡಗುತ್ತದೆ. ಡೆಲಿವರಿಯಾದ 10 ದಿನಕ್ಕೆ ‘ಆಲ್ಟರ್ ಮಾಡಿಸಿದಿರಾ? ಎಲ್ಲಿ?’ ಎಂದೊಂದು ಮೆಸೇಜ್ ಕಳಿಸಿ.

ಪ್ರಶ್ನೆ: ನನ್ನ ಆಫೀಸ್ ಶರ್ಟ್ 40. ಅದೇ ನಂಬರ್ ಹಾಕಿ ಕುರ್ತಾ ತರಿಸಿದೆ, ಬಟನ್ ಹಾಕಲೂ ಆಗಲಿಲ್ಲ. ಟೂಲ್ ಕೂಡ 40 ಎಂದೇ ಹೇಳಿತ್ತು.
– ಓದುಗರು, ಮಂಗಳೂರು

ಉತ್ತರ: ಫಾರ್ಮಲ್ ಶರ್ಟಿನ 40 ಸಾಮಾನ್ಯವಾಗಿ ಕಾಲರಿನ ಸುತ್ತಳತೆ, ಅದೂ ಸೆಂ.ಮೀ.ನಲ್ಲಿ, ಇಂಚಿಗೆ ತಂದರೆ 15¾. ಕುರ್ತಾ, ಬ್ಲೇಜರ್‌ಗಳ 40 ಎದೆಯದು, ಇಂಚಿನಲ್ಲಿ. ‘ನೀವು ಈಗ ಯಾವ ಸೈಜ್ ಹಾಕುತ್ತೀರಿ?’ ಎಂದು ಕೇಳುವ ಟೂಲ್ ‘ಯಾವ ಬಟ್ಟೆಯಲ್ಲಿ?’ ಎಂದೂ ಕೇಳಬೇಕಿತ್ತು. ಮುಂದಿನ ಸಲ ನಂಬರ್ ಬಿಟ್ಟು, ನಿಮ್ಮ ಹಳೆಯ ಕುರ್ತಾದ ಎದೆ ಅಳತೆ ಕೊಡಿ.

ಪ್ರಶ್ನೆ: ಭಾರತೀಯರಿಗೇ ಅಂತ ಸೈಜ್ ಚಾರ್ಟ್ ಇಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲಿನ ರೆಡಿಮೇಡ್ ಚಾರ್ಟುಗಳಲ್ಲಿ ಬಹಳಷ್ಟು ಅಮೆರಿಕ, ಬ್ರಿಟನ್ ಅಳತೆಗಳನ್ನೇ ತಿದ್ದಿ ಮಾಡಿಕೊಂಡವು. ಈ ಕೊರತೆ ನೀಗಿಸಲು ‘ನಿಫ್ಟ್’ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಇಂಡಿಯಾಸೈಜ್ ಎಂಬ ಸಮೀಕ್ಷೆ ಕೈಗೊಂಡಿತು. 15ರಿಂದ 65 ವಯಸ್ಸಿನ 25,000 ಜನರನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯುವುದು ಅದರ ಯೋಜನೆ. ಆರಿಸಿಕೊಂಡ ಆರು ನಗರಗಳಲ್ಲಿ ಬೆಂಗಳೂರೂ ಒಂದು. ಆದರೆ ಪ್ರಮಾಣಿತ ಚಾರ್ಟ್ ಇದ್ದರೂ ಪ್ರತಿ ಬ್ರ್ಯಾಂಡ್ ಎಷ್ಟು ಸಡಿಲ ಬಿಡಬೇಕೆಂದು ತಾನೇ ತೀರ್ಮಾನಿಸುತ್ತದೆ. ಬಟ್ಟೆಯ ಅಳತೆ ನೋಡುವುದು ತಪ್ಪುವುದಿಲ್ಲ.

ಪ್ರಶ್ನೆ: ಟೂಲ್ ಹೇಳಿದ ಸೈಜ್ ಮೊದಲು ಸರಿಯಾಗಿಯೇ ಇತ್ತು. ಒಂದು ಒಗೆತಕ್ಕೆ ಬಿಗಿಯಾಯಿತು, ಉದ್ದವೂ ಕಡಿಮೆಯಾಯಿತು. ಇದು ಯಾರ ತಪ್ಪು?
– ಓದುಗರು, ಮೈಸೂರು

ಉತ್ತರ: ಮಾರುವವರದು. ಮೊದಲೇ ಕುಗ್ಗಿಸದ ಕಾಟನ್ ಶೇ. 3ರಿಂದ 5 ಕುಗ್ಗುವುದು ಮಾಮೂಲು. 40 ಇಂಚಿನ ಎದೆಯಲ್ಲಿ ಶೇ. 5 ಅಂದರೆ 2 ಇಂಚು. ಎರಡೇ ಇಂಚು ಸಡಿಲ ಬಿಟ್ಟಿದ್ದರೆ ಅದೆಲ್ಲ ಅಲ್ಲಿಗೆ ಮುಗಿಯಿತು. ಟೂಲ್‌ನಲ್ಲಿ ಒಗೆದ ಮೇಲಿನ ಅಳತೆ ಇರಬೇಕು. ಹೊಸ ಥಾನು ಬಂದಾಗಲೆಲ್ಲ ಒಂದು ತುಂಡಿನಲ್ಲಿ ಉದ್ದಕ್ಕೂ ಅಡ್ಡಕ್ಕೂ 50 ಸೆಂ.ಮೀ. ಗುರುತು ಹಾಕಿ, ಮನೆಯಲ್ಲಿ ಒಗೆಯುವ ಹಾಗೆಯೇ ಒಗೆದು ಒಣಗಿಸಿ ಮತ್ತೆ ಅಳೆಯಬೇಕು. 48 ಬಂದರೆ ಶೇ. 4. ನೇಯ್ದ ಬಟ್ಟೆ ಸಾಮಾನ್ಯವಾಗಿ ಉದ್ದಕ್ಕೇ ಹೆಚ್ಚು ಕುಗ್ಗುತ್ತದೆ, ಆದ್ದರಿಂದ ಎರಡು ಅಂಕಿಗಳನ್ನೂ ಬೇರೆಯಾಗಿ ಬರೆದಿಡಬೇಕು. ನೀವು ಕೊಳ್ಳುವವರಾದರೆ, ‘ಪ್ರೀ-ಶ್ರಂಕ್’ (ಮೊದಲೇ ಕುಗ್ಗಿಸಿದ್ದು) ಅಂತ ಬರೆದಿಲ್ಲದ ಕಾಟನ್ನಿಗೆ ಟೂಲ್ ಎರಡು ಸೈಜುಗಳ ನಡುವೆ ತೂಗಾಡಿದರೆ ದೊಡ್ಡದನ್ನೇ ತರಿಸಿ.