ಓದುಬಳಗಕ್ಕೆ ಯಾವ ಪುಸ್ತಕ?

ಪ್ರಶ್ನೆ: ನಾವು ಒಂಬತ್ತು ಮಂದಿ ಸೇರಿ ಓದುಬಳಗ ಕಟ್ಟಿಕೊಂಡಿದ್ದೇವೆ. ನಮ್ಮ ತಾಲ್ಲೂಕಿನವರು ಅಂತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಆರಿಸಿದೆವು. ತಿಂಗಳು ಬಿಟ್ಟು ಕೂತಾಗ ಮುಗಿಸಿದ್ದವರು ಮೂವರೇ. ಎಲ್ಲಿ ತಪ್ಪಿದೆವು? (ಓದುಗರೊಬ್ಬರು, ಮಾಲೂರು)

ಉತ್ತರ: ಆಯ್ಕೆ ಒಳ್ಳೆಯದೇ, ಲೆಕ್ಕ ತಪ್ಪಿದೆ. ಸಾವಧಾನವಾಗಿ ಓದುವವರಿಗೆ ಪುಟಕ್ಕೆ ಎರಡೂವರೆ ನಿಮಿಷ ಹಿಡಿಯಿರಿ. ದಿನಕ್ಕೆ ಅರ್ಧ ಗಂಟೆ ಓದಿದರೆ 12 ಪುಟ. ಹಬ್ಬ, ಮದುವೆ, ಮಕ್ಕಳ ಪರೀಕ್ಷೆ ಕಳೆದು ತಿಂಗಳಲ್ಲಿ ಉಳಿಯುವುದು 20 ದಿನ; ಅಲ್ಲಿಗೆ 240 ಪುಟ. ಅದಕ್ಕಿಂತ ದಪ್ಪನೆಯ ಪುಸ್ತಕವನ್ನು ಎರಡು ತಿಂಗಳಿಗೆ ಹಂಚಿಕೊಳ್ಳಿ. ಹಂಚುವಾಗ ಪುಟಸಂಖ್ಯೆ ಬೇಡ, ಅಧ್ಯಾಯ ಹೇಳಿ. 1956ರಲ್ಲಿ ಬಂದ ಈ ಕಾದಂಬರಿ ಹಲವು ಸಲ ಅಚ್ಚಾಗಿದೆ. ಗ್ರಂಥಾಲಯದ ಹಳೆಯ ಪ್ರತಿಗೂ ಅಂಗಡಿಯ ಹೊಸ ಪ್ರತಿಗೂ ಪುಟ ತಾಳೆಯಾಗದೆ ಮಾತು ಅಲ್ಲೇ ಕೆಡುತ್ತದೆ.

ಪ್ರತಿಗಳೆಷ್ಟು ಸಿಗುತ್ತವೆ ಎಂದು ನೋಡಿಕೊಂಡೇ ಪುಸ್ತಕ ಗೊತ್ತುಮಾಡಿ. ಇಬ್ಬರಿಗೆ ಒಂದು ಪ್ರತಿಯಾದರೆ ಒಬ್ಬೊಬ್ಬರ ಕೈಲಿರುವುದು ಹದಿನೈದೇ ದಿನ, ಮೇಲಿನ ಲೆಕ್ಕವೂ ಅರ್ಧಕ್ಕಿಳಿಯುತ್ತದೆ.

ಇನ್ನು ಚರ್ಚೆ. ‘ಹೇಗಿತ್ತು?’ ಅಂದರೆ ‘ಚೆನ್ನಾಗಿತ್ತು’ ಅಂತಾರೆ, ಮುಗಿಯಿತು. ವಾರ ಮುಂಚೆಯೇ ಒಂದು ಪ್ರಶ್ನೆ ಕಳಿಸಿ: 1834ರಲ್ಲಿ ಕೊಡಗು ಕೈತಪ್ಪಿದ ಕತೆಯಲ್ಲಿ ಅರಸನ ನಡತೆಯ ಪಾಲೆಷ್ಟು, ಮಂತ್ರಿ ಬೋಪಣ್ಣನ ಪಾಲೆಷ್ಟು, ಇಂಗ್ಲಿಷರ ಹವಣಿಕೆ ಎಷ್ಟು? ಓದನ್ನು ಅರ್ಧಕ್ಕೆ ಬಿಟ್ಟವರೂ ಈ ವಾದ ಕೇಳಿ ಪುಸ್ತಕಕ್ಕೆ ಮರಳುತ್ತಾರೆ.

ಪ್ರಶ್ನೆ: ಬಾನು ಮುಷ್ತಾಕ್ ಅವರ, 2025ರಲ್ಲಿ ಇಂಗ್ಲಿಷ್ ಅನುವಾದಕ್ಕೆ (‘ಹಾರ್ಟ್ ಲ್ಯಾಂಪ್’) ಅಂತರರಾಷ್ಟ್ರೀಯ ಬೂಕರ್ ಪಡೆದ 12 ಕತೆಗಳನ್ನು ಆರಿಸಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಕತೆ ಹಂಚಿದರೆ ಆಗದೇ? (ಚಿಕ್ಕಬಳ್ಳಾಪುರ)

ಉತ್ತರ: ಬೇಡ. ತನ್ನ ಕತೆ ತಾನು ಓದಿ ಬಂದವರು ಉಳಿದವರ ಮಾತಿಗೆ ಬರೀ ತಲೆಯಾಡಿಸುತ್ತಾರೆ. ಎಲ್ಲರೂ ಅವೇ ಮೂರು ಕತೆ ಓದಿ ಬನ್ನಿ. ನಾಲ್ಕು ಸಭೆಗೆ ಹನ್ನೆರಡೂ ಆಗುತ್ತವೆ. ನೀವು ಕನ್ನಡದ ಮೂಲವನ್ನೇ ಓದಬಲ್ಲವರು, ಅದನ್ನೇ ಓದಿ.

ಪ್ರಶ್ನೆ: ಈಗ ಓದುತ್ತಿರುವುದು ದೇವನೂರ ಮಹಾದೇವರ ‘ಕುಸುಮಬಾಲೆ’. ಭಾಷೆ ಅರ್ಥವಾಗದೆ ಇಪ್ಪತ್ತನೇ ಪುಟಕ್ಕೆ ನಿಂತಿದ್ದೇನೆ. (ತುಮಕೂರು)

ಉತ್ತರ: ಅದು ನಂಜನಗೂಡು ಸೀಮೆಯ ಆಡುಮಾತು. ತುಮಕೂರಿನ ಕಣ್ಣಿಗೆ ಆ ಬರಹ ಅಪರಿಚಿತ, ಕಿವಿಗೆ ಅಷ್ಟಿಲ್ಲ. ಹಾಗಾಗಿ ಗಟ್ಟಿಯಾಗಿ ಓದಿ, ಒಂದು ಸಲಕ್ಕೆ ಮೂರು ಪುಟ ಸಾಕು. ಜೊತೆಗೊಬ್ಬರು ಕೂತು ಕೇಳಿದರೆ ಇನ್ನೂ ಒಳ್ಳೆಯದು. ಪದಪದಕ್ಕೂ ನಿಘಂಟು ತೆರೆಯಬೇಡಿ, ಲಯ ಹರಿದುಹೋಗುತ್ತದೆ. ಯಾರು ಯಾರಿಗೆ ಏನಾಗಬೇಕು ಎಂದು ಮಾತ್ರ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಗಲೂ ತೊಡಕಾದರೆ, ದೀಪದ ಜೋತಮ್ಮರು ಇರುಳಲ್ಲಿ ಕೂಡಿ ಮಾತಾಡುವ ಭಾಗವನ್ನು ಮೊದಲು ಓದಿ, ಆಮೇಲೆ ಆರಂಭಕ್ಕೆ ಹೋಗಿ. ಮುಗಿದ ವಾರದೊಳಗೇ ಎರಡನೇ ಓದು ಹಿಡಿಯಿರಿ. ಕಿವಿ ಆ ದನಿ ಮರೆತರೆ ಮತ್ತೆ ಮೊದಲಿಂದ ಪಳಗಬೇಕಾಗುತ್ತದೆ.