ಓದುಗರ ಪ್ರಶ್ನೆ: ವಾದಕ್ಕೆ ಗಡಿಯಾರ, ಬಾಯಿಗೆ ಗುಂಡಿ

ಪ್ರಶ್ನೆ: ಅಮೆರಿಕದ ಇಎಸ್‌ಪಿಎನ್ ವಾಹಿನಿಯಲ್ಲಿ ‘ಅರೌಂಡ್ ದ ಹಾರ್ನ್’ ಎಂಬ ಕ್ರೀಡಾ ವಾದದ ಕಾರ್ಯಕ್ರಮ ನಿಂತುಹೋಯಿತಂತೆ. ನಾಲ್ವರು ವಾದಿಸುವುದು, ಒಬ್ಬರು ಅಂಕ ಕೊಡುವುದು, ಈ ಕ್ರಮ ಎಲ್ಲಿಂದ ಬಂತು? ಹೆಸರಿನ ಅರ್ಥವೇನು?
(ಬದಿಯಡ್ಕದ ಓದುಗರು)

ಉತ್ತರ: ಶುರುವಾದದ್ದು 2002ರ ನವೆಂಬರ್ 4ರಂದು, ನಿಂತದ್ದು 2025ರ ಮೇ 23ರಂದು. ಬೇರು ಇನ್ನೂ ಹಿಂದಿನದು. 1988ರಲ್ಲಿ ಅದೇ ವಾಹಿನಿ ‘ದ ಸ್ಪೋರ್ಟ್ಸ್ ರಿಪೋರ್ಟರ್ಸ್’ ಆರಂಭಿಸಿತ್ತು. ಪತ್ರಿಕೆಗಳ ಕ್ರೀಡಾ ಅಂಕಣಕಾರರು ಕುಳಿತು ಮಾತಾಡುವುದು, ಅಷ್ಟೇ. ವಾದಕ್ಕೆ ಗಡಿಯಾರ ಕಟ್ಟಿದ್ದು 2001ರ ಅಕ್ಟೋಬರ್ 22ರಂದು ಶುರುವಾದ ‘ಪಾರ್ಡನ್ ದ ಇಂಟರಪ್ಶನ್’. ವಾಷಿಂಗ್ಟನ್ ಪೋಸ್ಟ್‌ನ ಇಬ್ಬರು ಅಂಕಣಕಾರರು, ಟೋನಿ ಕಾರ್ನ್‌ಹೈಸರ್ ಮತ್ತು ಮೈಕಲ್ ವಿಲ್ಬನ್. ಪರದೆಯ ಬದಿಯಲ್ಲಿ ಆ ದಿನದ ವಿಷಯಗಳ ಪಟ್ಟಿ, ಜೊತೆಗೆ ಇಳಿಯುತ್ತಾ ಹೋಗುವ ಗಡಿಯಾರ. ಗಂಟೆ ಬಡಿದರೆ ಮಾತು ಎಲ್ಲಿದ್ದರೂ ಮುಂದಿನ ವಿಷಯ. ಕೊನೆಗೆ ಟೋನಿ ರಿಯಾಲಿ ಎಂಬ ಯುವಕ ಬಂದು ಆ ಹಿರಿಯರಿಬ್ಬರೂ ಹೇಳಿದ ತಪ್ಪು ಅಂಕಿಅಂಶಗಳನ್ನು ಒಂದೊಂದಾಗಿ ತಿದ್ದುತ್ತಿದ್ದ. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕಾರದ ಒಳ್ಳೆಯ ಅಂಶವೇ ಅದು.

ಮರುವರ್ಷ ‘ಅರೌಂಡ್ ದ ಹಾರ್ನ್’ನಲ್ಲಿ ಇಬ್ಬರಿದ್ದಲ್ಲಿ ನಾಲ್ವರಾದರು, ಅಂಕ ಬಂತು. ಮೊದಲ ನಿರೂಪಕ ಮ್ಯಾಕ್ಸ್ ಕೆಲರ್‌ಮನ್. 2004ರಲ್ಲಿ ಅವರು ಬಿಟ್ಟ ಮೇಲೆ, ತಪ್ಪು ತಿದ್ದುತ್ತಿದ್ದ ಅದೇ ರಿಯಾಲಿ ಆ ಕುರ್ಚಿಗೆ ಬಂದು ಕೊನೆಯವರೆಗೂ ಉಳಿದರು. ಡೆನ್ವರ್‌ನಿಂದ ವುಡಿ ಪೇಜ್, ಲಾಸ್ ಏಂಜಲಿಸ್‌ನಿಂದ ಬಿಲ್ ಪ್ಲಾಶ್ಕಿ, ಡಲ್ಲಾಸ್‌ನಿಂದ ಟಿಮ್ ಕೌಲಿಶಾ, ಹೀಗೆ ವಾದಿಗಳು ತಂತಮ್ಮ ಊರಿನಲ್ಲೇ ಕ್ಯಾಮೆರಾ ಮುಂದೆ. ಒಳ್ಳೆಯ ಮಾತಿಗೆ ಅಂಕ, ಹುರುಳಿಲ್ಲದ್ದಕ್ಕೆ ಕಡಿತ. ಅತಿಯಾದರೆ ಗುಂಡಿ ಒತ್ತಿ ಧ್ವನಿಯನ್ನೇ ಬಂದ್ ಮಾಡುವುದು. ಅಂಕ ಕಡಿಮೆಯಾದವರು ಹೊರಗೆ, ಕೊನೆಗೆ ಇಬ್ಬರ ಮುಖಾಮುಖಿ. ಗೆದ್ದವರಿಗೆ ತನಗೆ ಬೇಕಾದ ವಿಷಯದ ಬಗ್ಗೆ ಕೆಲವು ಸೆಕೆಂಡು ಒಬ್ಬರೇ ಮಾತಾಡುವ ಅವಕಾಶ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಈ ಗುಂಡಿ ಏನೂ ವಿಚಿತ್ರವಲ್ಲ. ಅರ್ಥಧಾರಿ ಪ್ರಸಂಗ ಬಿಟ್ಟು ಊರು ಸುತ್ತತೊಡಗಿದರೆ ಭಾಗವತರು ಮುಂದಿನ ಪದ ಎತ್ತಿಕೊಳ್ಳುತ್ತಾರಲ್ಲ, ಹಾಗೆ.

ಹೆಸರು ಬೇಸ್‌ಬಾಲಿನದು. ಒಬ್ಬ ಔಟಾದಾಗ ಒಳಮೈದಾನದ ಆಟಗಾರರು ಚೆಂಡನ್ನು ಕೈಯಿಂದ ಕೈಗೆ ಸುತ್ತು ಹಾಕಿಸುವುದನ್ನು ಹಾಗೆನ್ನುತ್ತಾರೆ. ಇಲ್ಲಿ ಚೆಂಡಿನ ಬದಲು ಮಾತು, ಊರಿಂದ ಊರಿಗೆ.

ಪ್ರಶ್ನೆ: ಹಾಗಾದರೆ ಈಗಿನ ಟಿವಿ ಕ್ರೀಡಾ ಚರ್ಚೆಗಳಲ್ಲಿ ಬರೀ ಕೂಗಾಟ ಯಾಕೆ?
(ಉಪ್ಪಳದ ಓದುಗರು)

ಉತ್ತರ: ಅದು ಇನ್ನೊಂದು ಕವಲು. 2003ರ ‘ಕೋಲ್ಡ್ ಪಿಜ್ಜಾ’ ಎಂಬ ಬೆಳಗಿನ ಕಾರ್ಯಕ್ರಮ 2007ರಲ್ಲಿ ‘ಫಸ್ಟ್ ಟೇಕ್’ ಆಯಿತು. 2012ರಲ್ಲಿ ಸ್ಕಿಪ್ ಬೇಲೆಸ್ ಎದುರು ಸ್ಟೀಫನ್ ಎ. ಸ್ಮಿತ್ ಕಾಯಂ ಆಗಿ ಕುಳಿತರು. ಒಂದೇ ಮೇಜು, ಇಬ್ಬರೇ ಎದುರಾಳಿಗಳು, ಅಂಕವಿಲ್ಲ. ಅಂಕ ಕಡಿತದ ಹೆದರಿಕೆ ಇಲ್ಲದ ಕಡೆ ಗಂಟಲು ದೊಡ್ಡದಿದ್ದವನದ್ದೇ ಮೇಲುಗೈ.

ಪ್ರಶ್ನೆ: ನಮ್ಮ ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬಿನ ಓಣಂ ಕಾರ್ಯಕ್ರಮಕ್ಕೆ ಇದೇ ಮಾದರಿಯ ಸ್ಪರ್ಧೆ ಇಡಬೇಕೆಂದಿದ್ದೇವೆ. ಏನೇನು ಬೇಕು?
(ಪೆರ್ಲದ ಓದುಗರು)

ಉತ್ತರ: ನಾಲ್ವರು ವಾದಿಗಳು, ಒಬ್ಬ ನಿರೂಪಕ, ಫೋನ್ ಹಿಡಿದು ತಪ್ಪು ಹುಡುಕುವ ಒಬ್ಬರು, ಅಂಕ ಬರೆಯಲು ಬೋರ್ಡು ಮತ್ತು ಒಬ್ಬ ಹುಡುಗ. ಸಮಯದ ಲೆಕ್ಕ ಹೀಗೆ: ಮೊದಲ ವಿಷಯಕ್ಕೆ ತಲಾ 60 ಸೆಕೆಂಡು ವಾದ, 30 ಸೆಕೆಂಡು ಮರುಮಾತು, ನಿರೂಪಕರಿಗೆ 1 ನಿಮಿಷ, ಒಟ್ಟು 7. ಎರಡನೆಯದಕ್ಕೂ 7. ಒಬ್ಬರನ್ನು ಇಳಿಸಿ ಮೂವರಿಗೆ ಐದೂವರೆ ನಿಮಿಷ. ಮತ್ತೊಬ್ಬರನ್ನು ಇಳಿಸಿ ಇಬ್ಬರಿಗೆ ಎರಡು ಚುಟುಕು ವಿಷಯ, 3 ನಿಮಿಷ. ಗೆದ್ದವರಿಗೆ ಅರ್ಧ. ಅಲ್ಲಿಗೆ 23 ನಿಮಿಷ. ಇದಕ್ಕಿಂತ ಉದ್ದ ಮಾಡಿದರೆ ಜನ ಹಗ್ಗಜಗ್ಗಾಟದ ಕಡೆಗೆ ಎದ್ದು ಹೋಗುತ್ತಾರೆ.

ಎಡವುವುದು ಮೈಕ್‌ನಲ್ಲಿ. ವಾದಿಗಳಿಗೆ ನಾಲ್ಕು, ನಿರೂಪಕರಿಗೆ ಒಂದು, ತಪ್ಪು ಹುಡುಕುವವರಿಗೆ ಒಂದು, ಒಟ್ಟು ಆರು ಮೈಕ್. ಎಂಟು ಚಾನೆಲ್ ಮಿಕ್ಸರ್ ಸಾಕು. ಆರೂ ಒಟ್ಟಿಗೆ ತೆರೆದಿಟ್ಟರೆ ಕುಂಯ್ಯೆಂದು ಕೂಗುತ್ತದೆ. ಸ್ಪೀಕರುಗಳು ವಾದಿಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಸರದಿ ಬಂದವರ ಮೈಕ್ ಮಾತ್ರ ಏರಲಿ. ಬಂದ್ ಮಾಡುವುದನ್ನು ಮಿಕ್ಸರ್‌ನಲ್ಲೇ ಮಾಡಿಸಿ. ಮೈಕ್‌ನ ಸ್ವಿಚ್ ಒತ್ತಿದರೆ ಟಪ್ಪೆಂದು ಸದ್ದು ಬರುತ್ತದೆ. ಇನ್ನೊಂದು ಮಾತು: ಚಿಕ್ಕ ಹಾಲ್‌ನಲ್ಲಿ ಮೈಕ್ ಬಂದ್ ಮಾಡಿದರೂ ಬಾಯಿ ಬಂದ್ ಆಗುವುದಿಲ್ಲ, ಬರಿಗಂಟಲೇ ಹಿಂದಿನ ಸಾಲಿಗೆ ಕೇಳುತ್ತದೆ. ಅಮೆರಿಕದಲ್ಲಿ ಗುಂಡಿ ನಡೆದದ್ದು ವಾದಿಗಳು ಬೇರೆ ಬೇರೆ ಊರಿನಲ್ಲಿದ್ದುದರಿಂದ. ನಿಮಗೆ ಶಾಲೆಯ ಗಂಟೆಯೇ ಒಳ್ಳೆಯದು: ಬಾರಿಸಿದ ಮೇಲೂ ಮಾತು ಮುಂದುವರಿದರೆ ಒಂದು ಅಂಕ ಕಡಿತ.

ಅಂಕ ಒಂದೊಂದೇ ಇರಲಿ, ಕೊಟ್ಟ ತಕ್ಷಣ ಬೋರ್ಡಿಗೆ ಏರಲಿ. ಹೊಸ ಆಧಾರಕ್ಕೆ ಒಂದು, ಎದುರಾಳಿಯ ಮಾತನ್ನು ನೇರ ಮುರಿದರೆ ಒಂದು. ಹೇಳಿದ್ದನ್ನೇ ಹೇಳಿದರೆ ಕಡಿತ. ಚಪ್ಪಾಳೆಗೆ ಅಂಕ ಕೊಟ್ಟಿರೋ, ಸ್ನೇಹಿತರನ್ನು ಹೆಚ್ಚು ಕರೆತಂದವನೇ ಗೆಲ್ಲುತ್ತಾನೆ. ತಪ್ಪು ಅಂಕಿಅಂಶಗಳನ್ನು ಪ್ರತಿಸಲ ಒಬ್ಬರನ್ನು ಇಳಿಸುವ ಮೊದಲೇ ಓದಿಸಿ, ಅಂಕ ಕಳೆಯಿರಿ. ಇಳಿದ ಮೇಲೆ ಓದಿದರೆ ಜಗಳ ಗ್ಯಾರಂಟಿ.

ವಿಷಯ ‘ಸಚಿನ್ ದೊಡ್ಡವರೋ ಕೊಹ್ಲಿ ದೊಡ್ಡವರೋ’ ಎಂಬುದು ಬೇಡ, ಅದಕ್ಕೆ ದಡವಿಲ್ಲ. 2025ರ ಫೆಬ್ರವರಿಯ ರಣಜಿ ಸೆಮಿಫೈನಲ್ ತೆಗೆದುಕೊಳ್ಳಿ. ಕಾಸರಗೋಡಿನ ಮೊಹಮ್ಮದ್ ಅಜರುದ್ದೀನ್ ಔಟಾಗದೆ 177 ಹೊಡೆದು ಕೇರಳ 457 ಮಾಡಿತು. ಗುಜರಾತ್ 455ರಲ್ಲಿದ್ದಾಗ ಕೊನೆಯ ಬ್ಯಾಟರ್ ಹೊಡೆದ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್‌ಗೆ ತಾಗಿ ಹಾರಿ ಸಚಿನ್ ಬೇಬಿ ಕೈ ಸೇರಿತು. ಮೊದಲ ಇನಿಂಗ್ಸ್‌ನ ಆ ಎರಡು ರನ್ ಮುನ್ನಡೆಯಿಂದಲೇ ಕೇರಳ ಮೊದಲ ಬಾರಿ ಫೈನಲ್‌ಗೆ. 2017ರ ನಿಯಮ ತಿದ್ದುಪಡಿಗೆ ಮುಂಚೆ ಇಂಥ ಕ್ಯಾಚ್ ಔಟೇ ಅಲ್ಲ. ಆ ತಿದ್ದುಪಡಿ ಸರಿಯೇ ಎಂದು ಕೇಳಿ ನೋಡಿ: ಎರಡೂ ಕಡೆ ವಾದವಿದೆ, ಹಿಡಿಯಲು ಆಧಾರವೂ ಇದೆ.

ಪ್ರಶ್ನೆ: ಕೊನೆಯಲ್ಲಿ ಸಮ ಅಂಕ ಬಂದರೆ?
(ಅದೇ ಓದುಗರು)

ಉತ್ತರ: ಅಂಕಿಯೇ ಉತ್ತರವಾಗುವ ಒಂದು ಪ್ರಶ್ನೆ ಕೇಳಿ, ಇಬ್ಬರೂ ಚೀಟಿಯಲ್ಲಿ ಬರೆಯಲಿ, ಹತ್ತಿರ ಬಂದವರಿಗೆ ಗೆಲುವು. ಉದಾಹರಣೆಗೆ, 2021ರ ಜನವರಿಯಲ್ಲಿ ಮುಂಬೈ ವಿರುದ್ಧ ಅಜರುದ್ದೀನ್ ಎಷ್ಟು ಚೆಂಡಿನಲ್ಲಿ ನೂರು ಬಾರಿಸಿದರು? ಉತ್ತರ 37. ಇಲ್ಲಿ ಅಚ್ಚಾದ ಮೇಲೆ ಇದು ನಿಮಗೆ ಕೆಲಸಕ್ಕೆ ಬಾರದು, ಬೇರೆ ಹುಡುಕಿಕೊಳ್ಳಿ.