ಅದೇ 1197 ಸಿಸಿ, ಹೆಚ್ಚಿನ ಶಕ್ತಿ ಎಲ್ಲಿಂದ ಬಂತು?

ಪ್ರಶ್ನೆ: ನನ್ನದು 2019ರ ಕೊನೆಯಲ್ಲಿ ಕೊಂಡ ಬಿಎಸ್6 ಸ್ವಿಫ್ಟ್ ಪೆಟ್ರೋಲ್, 83 ಪಿಎಸ್. ತಮ್ಮನದು 2021ರ ಸ್ವಿಫ್ಟ್, 90 ಪಿಎಸ್. ಎರಡೂ 1197 ಸಿಸಿ, ಟಾರ್ಕ್ (ತಿರುಗಿಸುವ ಬಲ) ಎರಡಕ್ಕೂ 113 ನ್ಯೂಟನ್ ಮೀಟರ್. ಆದರೂ ಮೈಲೇಜ್ 21.21ರಿಂದ 23.20 ಕಿ.ಮೀ.ಗೆ ಏರಿದೆ. ಬರೀ ಸಾಫ್ಟ್‌ವೇರ್ ಬದಲಾವಣೆಯೇ? (ದಾವಣಗೆರೆ)

ಉತ್ತರ: ಅಲ್ಲ. ನಿಮ್ಮದು ಕೆ12ಎಂ ಎಂಜಿನ್, ತಮ್ಮನದು ಕೆ12ಎನ್. ಸಿಲಿಂಡರಿನ ಅಗಲ 73 ಮಿ.ಮೀ., ಪಿಸ್ಟನ್ ಓಟ 71.5 ಮಿ.ಮೀ., ಇವೆರಡೂ ಹಾಗೇ ಉಳಿದಿವೆ. ಬದಲಾಗಿರುವುದು ಗಾಳಿ ಮತ್ತು ಪೆಟ್ರೋಲ್ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ.

ಮೊದಲು ಶಕ್ತಿಯ ಲೆಕ್ಕ ನೋಡೋಣ. ಶಕ್ತಿಯ ಅಳತೆಯಾದ ಪಿಎಸ್ ಅಂದರೆ ಟಾರ್ಕನ್ನು ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆಯಾದ ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದ ಸಂಖ್ಯೆ. ಎರಡೂ ಎಂಜಿನ್ ಗರಿಷ್ಠ ಶಕ್ತಿ ಕೊಡುವುದು 6000 ಆರ್‌ಪಿಎಂನಲ್ಲಿ. ತಿರುಗಿಸಿ ಲೆಕ್ಕ ಹಾಕಿದರೆ ಆ ವೇಗದಲ್ಲಿ ನಿಮ್ಮ ಎಂಜಿನ್ ಹತ್ತಿರ ಉಳಿದಿರುವ ಟಾರ್ಕ್ ಸುಮಾರು 97, ತಮ್ಮನ ಎಂಜಿನ್ ಹತ್ತಿರ 105. ಗರಿಷ್ಠ ಟಾರ್ಕ್ 113 ಎರಡಕ್ಕೂ ಒಂದೇ, ನಿಜ. ಆದರೆ ನಿಮ್ಮದು 4200 ಆರ್‌ಪಿಎಂಗೆ ಆ ಮಟ್ಟ ಮುಟ್ಟಿ ಬೇಗ ಇಳಿಯುತ್ತದೆ, ತಮ್ಮನದು 4400ಕ್ಕೆ ಮುಟ್ಟಿ ನಿಧಾನವಾಗಿ ಇಳಿಯುತ್ತದೆ. ಹೆಚ್ಚಿನ ವೇಗದಲ್ಲೂ ಸಿಲಿಂಡರಿಗೆ ಹೊಟ್ಟೆ ತುಂಬ ಗಾಳಿ ಸಿಗುತ್ತಿದೆ ಅಂತ ಅರ್ಥ. ಆ 7 ಪಿಎಸ್ ಬಂದಿರುವುದು ಅಲ್ಲಿಂದ. ಪೇಟೆಯಲ್ಲಿ 2000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸುವವರಿಗೆ ಇದು ಅನುಭವಕ್ಕೇ ಬರುವುದಿಲ್ಲ. ಘಾಟಿಯಲ್ಲಿ ಲಾರಿ ಹಿಂದಿಕ್ಕುವಾಗ ಗೊತ್ತಾಗುತ್ತದೆ.

ಇನ್ನು ಮೈಲೇಜ್. ಹಳೆಯದರಲ್ಲಿ ಸಿಲಿಂಡರಿಗೊಂದು ಇಂಜೆಕ್ಟರ್ (ಪೆಟ್ರೋಲ್ ಚಿಮುಕಿಸುವ ಮೂತಿ), ಹೊಸದರಲ್ಲಿ ಎರಡು. ಡ್ಯುಯಲ್‌ಜೆಟ್ ಎನ್ನುವುದು ಇದನ್ನೇ. ಒಂದೇ ಇಂಜೆಕ್ಟರ್ ಇದ್ದಾಗ ಪೆಟ್ರೋಲಿನ ಒಂದು ಭಾಗ ಪೋರ್ಟಿನ (ಗಾಳಿ ಒಳಬರುವ ಕೊಳವೆಯ) ಗೋಡೆಗೆ ಹನಿಯಾಗಿ ಅಂಟುತ್ತದೆ. ಎರಡನ್ನು ಒಂದೊಂದು ವಾಲ್ವಿನ ಹತ್ತಿರ ಕೂರಿಸಿದಾಗ ಹನಿ ಸಣ್ಣದಾಗಿ, ನೇರ ಒಳಗೆ ಹೋಗಿ ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲಿನ ಗಾಳಿಯ ಬಿಸಿ ಹೀರುತ್ತದೆ, ತಂಪು ಮಿಶ್ರಣದಲ್ಲಿ ನಾಕಿಂಗ್ (ಮಿಶ್ರಣ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಟಕಟಕ ಅನ್ನುವುದು) ಕಡಿಮೆ. ನಾಕಿಂಗ್ ಭಯ ಕಡಿಮೆಯಾದರೆ ಮಿಶ್ರಣವನ್ನು ಇನ್ನಷ್ಟು ಒತ್ತಿ ಸುಡಬಹುದು. ಒತ್ತುವ ಅನುಪಾತ 11ರಿಂದ 12ಕ್ಕೆ ಏರಿದರೆ ಸಿದ್ಧಾಂತದ ಲೆಕ್ಕದಲ್ಲಿ ಸಿಗುವ ಲಾಭ ಶೇ. 2ರಷ್ಟು. ಚಿಕ್ಕದೇ, ಆದರೆ ಪ್ರತಿ ಕಿಲೋಮೀಟರಿಗೂ ಸಿಗುವಂಥದ್ದು.

ಎರಡನೆಯದು ತಂಪು ಮಾಡಿದ ಇಜಿಆರ್, ಅಂದರೆ ಹೊಗೆಯನ್ನು ಮತ್ತೆ ಸಿಲಿಂಡರಿಗೆ ಕಳಿಸುವ ವ್ಯವಸ್ಥೆ. ಅರ್ಧ ಆಕ್ಸಿಲರೇಟರಿನಲ್ಲಿ ಓಡುವ ಪೆಟ್ರೋಲ್ ಎಂಜಿನ್, ಮುಚ್ಚಿಕೊಂಡ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಮೂಲಕ ಗಾಳಿ ಎಳೆಯಲು ಏದುಸಿರು ಬಿಡುತ್ತಿರುತ್ತದೆ. ಒಂದಷ್ಟು ಹೊಗೆಯನ್ನೇ ತಂಪು ಮಾಡಿ ವಾಪಸ್ ಕಳಿಸಿದರೆ, ಅಷ್ಟೇ ಶಕ್ತಿಗೆ ಥ್ರಾಟಲ್ ಹೆಚ್ಚು ತೆರೆಯಬೇಕಾಗುತ್ತದೆ, ಎಳೆಯುವ ಶ್ರಮ ತಗ್ಗುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಕ್ಯಾಮ್‌ಗಳಿಗೆ ವಿವಿಟಿ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಕೊಟ್ಟಿರುವುದರ ಹಿಂದೆಯೂ ಈ ಲೆಕ್ಕವಿದೆ.

ಮೂರನೆಯದು ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಐಡಲ್ ಸ್ಟಾರ್ಟ್-ಸ್ಟಾಪ್. ನಮ್ಮ ದೇಶದ ಅಧಿಕೃತ ಮೈಲೇಜ್ ಪರೀಕ್ಷೆಯ 1180 ಸೆಕೆಂಡುಗಳಲ್ಲಿ ಸುಮಾರು ಕಾಲು ಭಾಗ ಗಾಡಿ ನಿಂತೇ ಇರುತ್ತದೆ. ಇಷ್ಟು ದೊಡ್ಡ ಎಂಜಿನ್ ನಿಂತಲ್ಲೇ ಗಂಟೆಗೆ ಅರ್ಧ ಲೀಟರ್ ಆಸುಪಾಸು ಕುಡಿಯುತ್ತದೆ. ಹೀಗಾಗಿ ಪರೀಕ್ಷೆಯ ಅಂಕದಲ್ಲಿ ಇದರ ಪಾಲು ಸಣ್ಣದಲ್ಲ. ಹುಬ್ಬಳ್ಳಿ ಹೆದ್ದಾರಿಯಲ್ಲೇ ಓಡಾಡುವವರಿಗೆ ಈ ಪಾಲು ಸಿಗುವುದೇ ಇಲ್ಲ.

ಲೀಟರಿಗೆ 2 ಕಿ.ಮೀ. ಎಂದರೆ ದೊಡ್ಡದಾಗಿ ಕೇಳುತ್ತದೆ. 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ನೋಡಿ: 4.71 ಇದ್ದದ್ದು 4.31 ಆಗಿದೆ. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ ಉಳಿತಾಯ 40 ಲೀಟರ್. ಇದಕ್ಕಾಗಿ ಚೆನ್ನಾಗಿರುವ 2019ರ ಗಾಡಿ ಮಾರಬೇಡಿ.

ಪ್ರಶ್ನೆ: 2024ರ ಸ್ವಿಫ್ಟ್‌ನಲ್ಲಿ ಒಂದು ಸಿಲಿಂಡರ್ ಕಿತ್ತು ಮೂರು ಮಾಡಿದ್ದಾರೆ, ಶಕ್ತಿಯೂ 82 ಪಿಎಸ್‌ಗೆ ಇಳಿದಿದೆ. ಇದು ಸುಧಾರಣೆ ಹೇಗಾಗುತ್ತದೆ? (ಶಿವಮೊಗ್ಗ)

ಉತ್ತರ: ಕಿತ್ತಿಲ್ಲ, ಜ಼ಡ್12ಇ ಹೊಸದಾಗಿಯೇ ಮಾಡಿದ ಎಂಜಿನ್. ಸಿಸಿ ಅದೇ 1197, ಆದರೆ ಸಿಲಿಂಡರ್ ಅಗಲ 74 ಮಿ.ಮೀ., ಓಟ 92.8 ಮಿ.ಮೀ. ಉದ್ದ ಓಟದ ಸಿಲಿಂಡರುಗಳು ಮೂರೇ ಇದ್ದಾಗ ಬೆಂಕಿ ಹೊತ್ತುವ ಜಾಗಕ್ಕೆ ತಾಗಿದ ಲೋಹದ ಮೈ ಕಡಿಮೆ, ಹಾಗಾಗಿ ರೇಡಿಯೇಟರಿಗೆ ಸೋರುವ ಬಿಸಿಯೂ ಕಡಿಮೆ. ಮೇನ್ ಬೇರಿಂಗ್ ಐದರ ಬದಲು ನಾಲ್ಕು, ಒಂದು ಸೆಟ್ ಪಿಸ್ಟನ್ ರಿಂಗ್ ಇಲ್ಲ, ನಾಲ್ಕು ವಾಲ್ವ್ ಇಲ್ಲ. ಉಜ್ಜಾಟ ಅಷ್ಟರಮಟ್ಟಿಗೆ ತಗ್ಗಿತು. ಫಲ: ಮ್ಯಾನುವಲ್‌ನಲ್ಲಿ 24.80, ತಾನೇ ಗೇರ್ ಬದಲಿಸುವ ಎಎಂಟಿಯಲ್ಲಿ 25.75 ಕಿ.ಮೀ.

ಕಳೆದುಕೊಂಡದ್ದೂ ಇದೆ. ಓಟ ಉದ್ದವಾದಷ್ಟೂ ಪಿಸ್ಟನ್ ವೇಗ ಹೆಚ್ಚುತ್ತದೆ, ಎಂಜಿನ್ ಮೇಲಿನ ಆರ್‌ಪಿಎಂಗೆ ಒಲ್ಲೆ ಅನ್ನುತ್ತದೆ. ಗರಿಷ್ಠ ಶಕ್ತಿ ಈಗ 5700ಕ್ಕೇ ಮುಗಿಯುತ್ತದೆ. ಮೂರು ಸಿಲಿಂಡರಿನ ಎಂಜಿನ್ ತುದಿಯಿಂದ ತುದಿಗೆ ತೂಗಾಡುವ ಸ್ವಭಾವದ್ದು, ಐಡಲ್‌ನಲ್ಲಿ ಸ್ಟಿಯರಿಂಗ್ ಹಿಡಿದರೆ ನಡುಕ ಕೈಗೆ ಬರುತ್ತದೆ. ಕಂಪನಿ ಇಲ್ಲಿ ಶಕ್ತಿ ಬಿಟ್ಟು ಮೈಲೇಜ್ ಆರಿಸಿಕೊಂಡಿದೆ. 2022ರ ಏಪ್ರಿಲ್‌ನಿಂದ ಕಾರು ಕಂಪನಿಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಮಿತಿ ಕಿ.ಮೀ.ಗೆ 130ರಿಂದ 113 ಗ್ರಾಂಗೆ ಇಳಿದಿರುವಾಗ ಈ ಆಯ್ಕೆ ಸಹಜ. ಗಾಡಿ ಹೆಚ್ಚಾಗಿ ಘಾಟಿಯಲ್ಲಿ, ಐದು ಜನರ ಜೊತೆ ಓಡುವುದಾದರೆ ಸುಸ್ಥಿತಿಯ 2021–23ರ ಸ್ವಿಫ್ಟ್ ಮೇಲು.

ಪ್ರಶ್ನೆ: ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಬೆಂಗಳೂರಿಗೆ ಬಂದ ಮೇಲೆ ಮಂಕಾಗಿದೆ. ಸರ್ವಿಸ್‌ನಲ್ಲಿ ದೋಷವಿಲ್ಲ ಅಂತಾರೆ. (ಬೆಂಗಳೂರು)

ಉತ್ತರ: ಅವರು ಹೇಳಿದ್ದು ಸರಿ ಇರಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ಸುಮಾರು ಶೇ. 9ರಷ್ಟು ತೆಳು. ಟರ್ಬೊ (ಗಾಳಿಯನ್ನು ಒತ್ತಿ ಒಳತುಂಬುವ ಪಂಪು) ಇಲ್ಲದ 90 ಪಿಎಸ್ ಎಂಜಿನ್ ಇಲ್ಲಿ 82ರ ಆಸುಪಾಸಿಗೆ ಇಳಿಯುತ್ತದೆ. ಟರ್ಬೊ ಇದ್ದರೆ ಈ ಕೊರತೆಯನ್ನು ಬಹುಪಾಲು ಅದೇ ತುಂಬಿಕೊಳ್ಳುತ್ತದೆ. ಆದರೆ ಮೈಲೇಜ್ ಬಿದ್ದಿದ್ದರೆ ಎತ್ತರವನ್ನು ದೂರಬೇಡಿ, ಅದಕ್ಕೆ ಕಾರಣ ಟ್ರಾಫಿಕ್.

ಪ್ರಶ್ನೆ: ನನ್ನ 1.3 ಲೀಟರ್ ಡೀಸೆಲ್ 75 ಪಿಎಸ್‌ನದು. ಇದೇ ಎಂಜಿನ್ ಬೇರೆ ಕಾರುಗಳಲ್ಲಿ 90 ಕೊಡುತ್ತಿತ್ತಲ್ಲ, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದರೆ ಸಾಲದೇ? (ಬೆಳಗಾವಿ)

ಉತ್ತರ: ಸಾಲದು. ಆ 1248 ಸಿಸಿ ಮಲ್ಟಿಜೆಟ್‌ನ 90 ಪಿಎಸ್ ರೂಪದಲ್ಲಿ ಟರ್ಬೊ ಬೇರೆ. ನಿಮ್ಮದರ ಟರ್ಬೊಗೆ ಸ್ಥಿರ ರೆಕ್ಕೆಗಳು, ಅದರಲ್ಲಿ ವೇಗಕ್ಕೆ ತಕ್ಕಂತೆ ಓರೆಯಾಗುವ ರೆಕ್ಕೆಗಳು. 2018ರಲ್ಲಿ ಎಕ್ಸ್‌ಯುವಿ500 ಡೀಸೆಲ್ 140ರಿಂದ 155 ಪಿಎಸ್‌ಗೆ ಏರಿದಾಗಲೂ ಟರ್ಬೊ ಬದಲಾಗಿತ್ತು, ಬರೀ ಮ್ಯಾಪ್ ಅಲ್ಲ. ಸಾಫ್ಟ್‌ವೇರ್ ಒಂದೇ ಬದಲಿಸಿದರೆ ಡೀಸೆಲ್ ಹೆಚ್ಚಾಗುತ್ತದೆ, ಗಾಳಿ ಅಷ್ಟು ಸಿಗುವುದಿಲ್ಲ: ಕಪ್ಪು ಹೊಗೆ, ಎಕ್ಸಾಸ್ಟ್ ವಿಪರೀತ ಬಿಸಿ, ಟರ್ಬೊ ಮಿತಿಮೀರಿ ತಿರುಗಿ ಬೇರಿಂಗ್ ಸವೆತ.

ಅದಕ್ಕೂ ಮೊದಲು ಸೋಲುವುದು ಕ್ಲಚ್. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 1800 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ ಗಾಡಿಯ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಈಗಿರುವ 190 ನ್ಯೂಟನ್ ಮೀಟರನ್ನೇ ಅದು ತಡೆಯುತ್ತಿಲ್ಲ. ರೀಮ್ಯಾಪ್ ಹಣದಲ್ಲಿ ಇಂಜೆಕ್ಟರ್ ಪರೀಕ್ಷೆ, ಇಂಟರ್‌ಕೂಲರ್ ಹೋಸ್ ಸೀಳಿದೆಯೇ ಎಂಬ ತಪಾಸಣೆ, ಇಜಿಆರ್ ಮಸಿ ತೆಗೆಸುವ ಕೆಲಸ ಮಾಡಿಸಿ. ಕಳೆದುಹೋದ ಶಕ್ತಿ ಬಹುತೇಕ ಇಲ್ಲೇ ಅಡಗಿರುತ್ತದೆ.

ಪ್ರಶ್ನೆ: ನನ್ನ 2021ರ ಸ್ವಿಫ್ಟ್‌ಗೆ ಊರಿನ ಮೆಕ್ಯಾನಿಕ್ 20ಡಬ್ಲ್ಯೂ-40 ಆಯಿಲ್ ಹಾಕಿದ್ದಾರೆ. ಗಟ್ಟಿ ಆಯಿಲ್ ಒಳ್ಳೆಯದಂತೆ. ಮೈಲೇಜ್ ಮಾತ್ರ ಇಳಿದಿದೆ. (ಚಿತ್ರದುರ್ಗ)

ಉತ್ತರ: ಬದಲಿಸಿ, ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ. ಆ ಎಂಜಿನ್ನಿಗೆ ಹೇಳಿರುವುದು 0ಡಬ್ಲ್ಯೂ-16. ಎಂಜಿನ್ ಬಿಸಿಯಾದ ಮೇಲೂ 40ರ ಆಯಿಲ್ ಇದರ ಸುಮಾರು ಎರಡರಷ್ಟು ಮಂದ. ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಂತೂ ಇನ್ನೂ ಮಂದ. ಪಂಪ್ ಅದನ್ನು ತಳ್ಳಲು ಪೆಟ್ರೋಲ್ ಖರ್ಚು ಮಾಡುತ್ತದೆ. ಜೊತೆಗೆ ವಿವಿಟಿ ಕ್ಯಾಮ್ ತಿರುಗಿಸುವುದು ಇದೇ ಆಯಿಲ್ ಒತ್ತಡ, ಸೂಜಿಯಂಥ ಸಂದುಗಳ ಮೂಲಕ. ಮಂದ ಆಯಿಲ್ ತಡವಾಗಿ ಮುಟ್ಟಿದರೆ ವಾಲ್ವ್ ಸಮಯ ತಪ್ಪುತ್ತದೆ. ಹಾಗೆಂದು ಹಳೆಯ ಎಂಜಿನ್ನಿಗೆ 0ಡಬ್ಲ್ಯೂ-16 ಸುರಿಯುವುದೂ ತಪ್ಪು, ಅದರ ಬೇರಿಂಗ್ ಸಂದುಗಳು ಅಷ್ಟು ತೆಳು ಆಯಿಲ್‌ಗೆ ಮಾಡಿದ್ದಲ್ಲ. ಕೈಪಿಡಿಯಲ್ಲಿ ಬರೆದ ಗ್ರೇಡ್ ಹಾಕಿ.

ಬ್ಯಾಟರಿ ವಿಷಯದಲ್ಲೂ ಇದೇ ಎಚ್ಚರ ಬೇಕು. ಸ್ಟಾರ್ಟ್-ಸ್ಟಾಪ್ ಇರುವ ಗಾಡಿಗೆ ಅದಕ್ಕೆಂದೇ ಮಾಡಿದ ಬ್ಯಾಟರಿ ಬೇಕು. ಅಗ್ಗದ ಸಾಮಾನ್ಯ ಬ್ಯಾಟರಿ ದಿನಕ್ಕೆ ಮೂವತ್ತು ಸಲ ಸ್ಟಾರ್ಟ್ ಮಾಡುವ ಹೊರೆಗೆ ಬೇಗ ಸಾಯುತ್ತದೆ, ಅದಕ್ಕೂ ಮೊದಲೇ ಕಂಪ್ಯೂಟರ್ ಸ್ಟಾರ್ಟ್-ಸ್ಟಾಪ್ ನಿಲ್ಲಿಸಿಬಿಡುತ್ತದೆ.

ಪ್ರಶ್ನೆ: ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್‌ನಿಂದ ಮೈಲೇಜ್ ಎಷ್ಟು ಇಳಿಯಬಹುದು? (ಮಂಡ್ಯ)

ಉತ್ತರ: ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೀಟರಿನಲ್ಲಿರುವ ಶಕ್ತಿಯೇ ಶೇ. 6–7 ಕಡಿಮೆ. ಇ10ಕ್ಕೆ ಹೋಲಿಸಿದರೆ ಅದರ ಅರ್ಧ. ಎಥೆನಾಲ್ ನಾಕಿಂಗ್ ತಡೆಯುತ್ತದೆ. ಅದನ್ನು ನಂಬಿ ಒತ್ತುವ ಅನುಪಾತ ಏರಿಸಿದ ಹೊಸ ಎಂಜಿನ್ ಒಂದಷ್ಟನ್ನು ವಾಪಸ್ ಪಡೆಯುತ್ತದೆ, ಹಳೆಯದು ಪಡೆಯಲಾರದು. ನಿಮ್ಮ ಗಾಡಿಯ ನಿಜ ಅಂಕ ಬೇಕಿದ್ದರೆ ಒಂದೇ ಬಂಕ್, ಒಂದೇ ಪಂಪ್, ಮೊದಲ ಕ್ಲಿಕ್‌ಗೆ ನಿಲ್ಲಿಸಿ. ಕನಿಷ್ಠ 300 ಕಿ.ಮೀ. ಓಡಿಸಿ ಮತ್ತೆ ಅಲ್ಲೇ ತುಂಬಿಸಿ. ಹೀಗೆ ಮೂರು ಸಲದ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಟೈರ್ ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ನೋಡಿಕೊಂಡಿರಿ.